ದೂರು ಕೊಡುವವರು ಯಾರೂ ಇಲ್ಲದಿದ್ದರೆ

ನಮ್ಮ ಊರಿನ ವಾಚನಾಲಯದ ವಾಟ್ಸಾಪ್ ಗುಂಪಿನಲ್ಲಿ ಎಲ್ಲ ಬಗೆಯ ಜನ ಇದ್ದಾರೆ. ಮನೆಯಲ್ಲಿ ಕನ್ನಡ ಮಾತಾಡುವವರು, ತುಳು ಮಾತಾಡುವವರು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಮಾತಾಡುವವರು. ಕಾಸರಗೋಡನ್ನು ಸಪ್ತಭಾಷೆಗಳ ನಾಡು ಅಂತ ವೇದಿಕೆಯಲ್ಲಿ ಹೇಳುವುದು ಸುಮ್ನೆ ಅಲ್ಲ. ಅಡಿಕೆ ಧಾರಣೆ, ಮಂಗಳೂರಿನ ಆಸ್ಪತ್ರೆಯಲ್ಲಿ ಯಾರಿಗೋ ರಕ್ತ ಬೇಕು ಅನ್ನುವ ಮೆಸೇಜು, ಯಕ್ಷಗಾನದ ಕರಪತ್ರ, ಉರೂಸಿನ ಆಮಂತ್ರಣ, ಇಗರ್ಜಿಯ ಹಬ್ಬ, ನಾಳೆ ಕರೆಂಟು ಇಲ್ಲ ಅನ್ನುವ ಸೂಚನೆ, ಎಲ್ಲ ಅದರಲ್ಲೇ ಬರುತ್ತದೆ. ಯಹೂದಿಗಳು ಮಾತ್ರ ಒಬ್ಬರೂ ಇಲ್ಲ. ನಮ್ಮ ಪಂಚಾಯತಿನಲ್ಲೇ ಇಲ್ಲ.

ಆದರೆ ಯಹೂದಿಗಳ ಬಗ್ಗೆ ಹೊಲಸು ಮಾತು ಆ ಗುಂಪಿಗೆ ಆಗಾಗ ಬರುತ್ತದೆ. ಬಂದದ್ದು ಬಹಳ ಕಾಲ ಹಾಗೇ ಉಳಿಯುತ್ತಿತ್ತು. ಅದು ಯಾಕೆ ಉಳಿಯುತ್ತಿತ್ತು ಅನ್ನುವುದು ನನಗೆ ತುಂಬ ದಿನಗಳಿಂದ ಕೊರೆಯುತ್ತಿರುವ ವಿಷಯ.

ಗುಂಪಿಗೆ ಮೂವರು ಅಡ್ಮಿನ್‌ಗಳು. ನಾನು, ನಿವೃತ್ತರಾದ ಒಬ್ಬರು ಮಾಸ್ಟ್ರು, ಮತ್ತೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಮಾಡಿಕೊಡುವ ಅಕ್ಷಯ ಕೇಂದ್ರದಲ್ಲಿ ಕೆಲಸ ಮಾಡುವ ಒಬ್ಬ ಹುಡುಗ. ಗುಂಪು ಶುರು ಮಾಡುವಾಗಲೇ ಕೂತು ನಿಯಮ ಬರೆದಿದ್ದೆವು. ಜಾತಿ, ಮತ, ಭಾಷೆಯ ಹೆಸರಿನಲ್ಲಿ ಯಾರನ್ನೂ ಹೀಯಾಳಿಸಬಾರದು. ಪಕ್ಷದ ಪ್ರಚಾರ ಬೇಡ. ಅಪಘಾತದಲ್ಲಿ ಸತ್ತವರ ಫೋಟೋ ಬೇಡ. ನಿಯಮಗಳು ಚೆನ್ನಾಗಿಯೇ ನಡೆಯುತ್ತಿದ್ದವು. ಯಾರೋ ಬ್ಯಾರಿ ಮುಸ್ಲಿಮರ ಮಾತನ್ನು ಅಣಕಿಸಿ ಒಂದು ವಾಯ್ಸ್ ಹಾಕಿದರೆ ಐದು ನಿಮಿಷದಲ್ಲಿ ಅದು ಮಾಯ. ಭಟ್ಟರ ಜುಟ್ಟಿನ ಬಗ್ಗೆ ಕಾರ್ಟೂನು ಬಂದರೆ ಅದೂ ಮಾಯ. 2022ರ ಆಗಸ್ಟಿನಿಂದ ಅಡ್ಮಿನ್‌ಗಳಿಗೆ ಬೇರೆಯವರ ಮೆಸೇಜನ್ನು ಎಲ್ಲರ ಫೋನಿನಿಂದಲೂ ಅಳಿಸುವ ಸೌಲಭ್ಯ ಬಂದಿದೆಯಲ್ಲ, ಅದನ್ನು ನಾವು ಧಾರಾಳವಾಗಿ ಬಳಸಿದ್ದೇವೆ.

ಗಾಜಾ ಯುದ್ಧ ಶುರುವಾದ ಮೇಲೆ ಒಂದು ರಾತ್ರಿ ಒಂದು ಚಿತ್ರ ಬಂತು. ಕಪ್ಪು ಬಿಳುಪಿನ ಹಿಟ್ಲರ್ ಫೋಟೋ. ಮೇಲೆ ಮಲಯಾಳದಲ್ಲಿ, ಕೆಳಗೆ ಕನ್ನಡದಲ್ಲಿ ಅದೇ ಮಾತು. "ನಾನು ಎಲ್ಲ ಯಹೂದಿಗಳನ್ನೂ ಮುಗಿಸಿಬಿಡಬಹುದಿತ್ತು. ಸ್ವಲ್ಪ ಜನರನ್ನು ಬಿಟ್ಟಿದ್ದೇನೆ. ನಾನು ಯಾಕೆ ಕೊಂದೆ ಅಂತ ಲೋಕಕ್ಕೆ ಗೊತ್ತಾಗಲಿ." ಎಷ್ಟೋ ಸಲ ಫಾರ್ವರ್ಡ್ ಆಗಿ ಬಂದದ್ದು ಅಂತ ಜೋಡಿ ಬಾಣದ ಗುರುತು ಬೇರೆ. ಕೆಳಗೆ ಸಾಲು ಸಾಲು ಹೆಬ್ಬೆರಳು. ಒಬ್ಬರು "ಸತ್ಯ" ಅಂತ ಬರೆದಿದ್ದರು. ಹಾಗೆ ಬರೆದವರು ಇರುವೆಯನ್ನೂ ಮೆಟ್ಟದ ಮನುಷ್ಯ, ಊರಿನಲ್ಲಿ ಯಾರಿಗೆ ಕಷ್ಟ ಬಂದರೂ ಮೊದಲು ಓಡುವವರು.

ನಾನು ಮಾಸ್ಟ್ರಿಗೆ ಫೋನ್ ಮಾಡಿದೆ. ಇದನ್ನು ತೆಗೆಯುವಾ ಅಂದೆ.

"ಎಂತಕ್ಕೆ ಟೀಚರೇ?" ಅಂದರು. "ಇಲ್ಲಿ ಯಾರಿಗೆ ಬೇಜಾರಾಗ್ತದೆ? ದೂರು ಕೊಟ್ಟವರು ಯಾರುಂಟು?"

ಮಾಸ್ಟ್ರು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅವರು ಕೇಳಿದ್ದು ಒಬ್ಬ ಅಡ್ಮಿನ್ ಕೇಳುವ ಪ್ರಶ್ನೆಯೇ. ಬ್ಯಾರಿಗಳ ಅಣಕ ತೆಗೆದದ್ದು ಯಾಕೆ? ಗುಂಪಿನಲ್ಲಿ ಬ್ಯಾರಿಗಳು ಇದ್ದರು, ಅವರಿಗೆ ನೋವಾಯಿತು, ಅವರು ಹೇಳಿದರು. ಕಾರ್ಟೂನು ತೆಗೆದದ್ದು ಯಾಕೆ? ಭಟ್ಟರೇ ಫೋನ್ ಮಾಡಿ ಕೇಳಿದ್ದರು. ಅಂದರೆ ಇಷ್ಟು ದಿನ ನಮ್ಮ ಗುಂಪಿನಲ್ಲಿ ನಡೆದದ್ದು ಬರೆದಿಟ್ಟ ನಿಯಮ ಅಲ್ಲ. ಯಾರು ಎದುರಿಗೆ ಇದ್ದಾರೆ, ಯಾರು ಸಿಟ್ಟಾಗುತ್ತಾರೆ, ಯಾರ ಮುಖ ನಾಳೆ ಬಸ್ಸಿನಲ್ಲಿ ನೋಡಬೇಕು ಅನ್ನುವ ಲೆಕ್ಕ ಅದು. ಆ ಲೆಕ್ಕದಲ್ಲಿ ಯಹೂದಿ ಅನ್ನುವವನು ಬರುವುದೇ ಇಲ್ಲ. ಅವನ ಬಗ್ಗೆ ಏನು ಬೇಕಾದರೂ ಹೇಳಬಹುದು.

ಇದು ನಮ್ಮ ಹಳ್ಳಿಯ ಗುಂಪಿನ ಕಥೆ ಮಾತ್ರ ಅಲ್ಲ. ಕೋಟಿಗಟ್ಟಲೆ ಜನ ಬಳಸುವ ಕಂಪೆನಿಗಳೂ ಇದೇ ಲೆಕ್ಕದಲ್ಲಿ ನಡೆದಿವೆ. ಹೋಲೋಕಾಸ್ಟ್ ನಡೆದೇ ಇಲ್ಲ ಅಂತ ವಾದಿಸುವ ಪೋಸ್ಟುಗಳನ್ನು ಫೇಸ್‌ಬುಕ್ ಬಹಳ ಕಾಲ ತೆಗೆಯುತ್ತಿರಲಿಲ್ಲ. ನಾಜಿಗಳು 60 ಲಕ್ಷ ಯಹೂದಿಗಳನ್ನು ಕೊಂದದ್ದಕ್ಕೆ ಅವರದ್ದೇ ಕಡತಗಳಿವೆ, ಶಿಬಿರಗಳಿವೆ, ಬದುಕಿ ಬಂದವರ ಸಾಕ್ಷಿ ಇದೆ. ಆದರೂ 2018ರಲ್ಲಿ ಕಂಪೆನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್ ಒಂದು ಸಂದರ್ಶನದಲ್ಲಿ, ಅದು ತನಗೆ ತುಂಬ ನೋವು ಕೊಡುವ ವಿಷಯವಾದರೂ ಜನ ಬೇಕಂತಲೇ ತಪ್ಪು ಹೇಳುತ್ತಾರೆ ಅನ್ನಲಾಗದು, ಅದಕ್ಕೇ ತೆಗೆಯುವುದಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದರು. ಅವರೇ ಯಹೂದಿ ಮನೆತನದವರು. 2020ರ ಅಕ್ಟೋಬರಿನಲ್ಲಿ ಕಂಪೆನಿ ನಿಲುವು ಬದಲಿಸಿ ಅಂಥ ಪೋಸ್ಟುಗಳನ್ನು ನಿಷೇಧಿಸಿತು.

ಆ ಎರಡು ವರ್ಷದ ನಡುವೆ ಏನೆಲ್ಲ ಆಯಿತು ಅಂತ ನೋಡಿ. 2018ರ ಅಕ್ಟೋಬರ್ 27ರಂದು ಅಮೆರಿಕದ ಪಿಟ್ಸ್‌ಬರ್ಗಿನ ಒಂದು ಸಿನಗಾಗಿಗೆ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ, ಒಬ್ಬ ನುಗ್ಗಿ ಪ್ರಾರ್ಥನೆಗೆ ಬಂದಿದ್ದ 11 ಜನರನ್ನು ಕೊಂದ. ಹೋಗುವ ಮುಂಚೆ ಗ್ಯಾಬ್ ಅನ್ನುವ ಜಾಲತಾಣದಲ್ಲಿ ತನ್ನ ದ್ವೇಷವನ್ನು ಬರೆದಿಟ್ಟೇ ಹೋಗಿದ್ದ. ಹೊರಗಿನವರನ್ನು ಅಮೆರಿಕಕ್ಕೆ ಕರೆತಂದು ತುಂಬಿಸುತ್ತಿರುವವರು ಯಹೂದಿಗಳು ಅನ್ನುವುದು ಅವನ ತಲೆಗೆ ಹೊಕ್ಕ ಹುಳ. ಐದು ತಿಂಗಳಿಗೆ, 2019ರ ಮಾರ್ಚ್ 15ರಂದು, ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನ ಎರಡು ಮಸೀದಿಗಳಲ್ಲಿ ಇನ್ನೊಬ್ಬ 51 ಜನರನ್ನು ಕೊಂದ. ಅದನ್ನು ಫೇಸ್‌ಬುಕ್‌ನಲ್ಲಿ ಲೈವ್ ತೋರಿಸಿದ. ಅವನ ತಲೆಯಲ್ಲೂ ಅದೇ ಹುಳ. ಹೊರಗಿನವರು ಬಂದು ನಮ್ಮನ್ನು ಅಳಿಸುತ್ತಾರೆ ಅಂತ. ಅದೇ ವರ್ಷ ಅಕ್ಟೋಬರ್ 9ರಂದು, ಯಹೂದಿಗಳ ಪವಿತ್ರ ದಿನವಾದ ಯೋಮ್ ಕಿಪ್ಪುರ್‌ನಂದು, ಜರ್ಮನಿಯ ಹಾಲೆಯಲ್ಲಿ ಒಬ್ಬ ಸಿನಗಾಗಿಗೆ ನುಗ್ಗಲು ನೋಡಿದ. ಬಾಗಿಲು ಗಟ್ಟಿಯಾಗಿತ್ತು, ತೆರೆಯಲಿಲ್ಲ. ಹೊರಗೆ ಇಬ್ಬರನ್ನು ಕೊಂದ. ಅದರಲ್ಲಿ ಒಂದು ಕೊಲೆ ಕಬಾಬ್ ಅಂಗಡಿಯಲ್ಲಿ.

ಸಿನಗಾಗಿ, ಮಸೀದಿ, ಮತ್ತೆ ಸಿನಗಾಗಿ. ನಮ್ಮ ಗುಂಪಿನಲ್ಲಿ ಯಹೂದಿಗಳನ್ನು ಕೊಲ್ಲುವ ಮಾತಿಗೆ ಹೆಬ್ಬೆರಳು ಎತ್ತಿದವರಿಗೆ ನಾನು ಮೊದಲು ಹೇಳಬೇಕು ಅಂದುಕೊಂಡದ್ದು ಇದನ್ನೇ. ಈ ವಿಷ ಒಬ್ಬರ ಮನೆ ಬಾಗಿಲಲ್ಲಿ ನಿಲ್ಲುವುದಿಲ್ಲ.

ಕಂಪೆನಿಗಳ ತಾರತಮ್ಯ ಒಂದೇ ಕಡೆಗೆ ವಾಲುತ್ತದೆ ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಮ್ಯಾನ್ಮಾರಿನಲ್ಲಿ ರೊಹಿಂಗ್ಯಾ ಮುಸ್ಲಿಮರ ವಿರುದ್ಧ ದ್ವೇಷ ಹಬ್ಬಿದ್ದು ಫೇಸ್‌ಬುಕ್ಕಿನಲ್ಲೇ. ಅದನ್ನು ತಡೆಯಲು ತಾವು ಸಾಕಷ್ಟು ಮಾಡಲಿಲ್ಲ ಅಂತ ಕಂಪೆನಿ 2018ರಲ್ಲಿ ಒಪ್ಪಿಕೊಂಡಿತು. ಬರ್ಮೀಸ್ ಭಾಷೆ ಓದಬಲ್ಲವರು ಅವರ ಬಳಿ ಬೆರಳೆಣಿಕೆಯಷ್ಟೇ ಇದ್ದ ಕಾಲ ಅದು. 2021ರ ಮೇ ತಿಂಗಳ ಗಾಜಾ ಸಂಘರ್ಷದ ಬಗ್ಗೆ ಕಂಪೆನಿಯೇ ಹೊರಗಿನವರಿಂದ ತನಿಖೆ ಮಾಡಿಸಿತು. ವರದಿ 2022ರ ಸೆಪ್ಟೆಂಬರಿನಲ್ಲಿ ಬಂತು. ಅರಬ್ಬಿ ಪೋಸ್ಟುಗಳ ಮೇಲೆ ಅಗತ್ಯಕ್ಕಿಂತ ಜಾಸ್ತಿ ಕತ್ತರಿ ಬಿದ್ದಿದೆ, ಹೀಬ್ರೂ ಪೋಸ್ಟುಗಳ ಮೇಲೆ ಬೀಳಬೇಕಾದಷ್ಟು ಬಿದ್ದಿಲ್ಲ ಅಂತ ಅದರಲ್ಲಿತ್ತು. ಒಂದು ಕಾರಣ ಬಹಳ ಸಣ್ಣದು. ದ್ವೇಷದ ಮಾತನ್ನು ತಾನಾಗಿ ಪತ್ತೆ ಹಚ್ಚುವ ಯಂತ್ರ ವ್ಯವಸ್ಥೆ ಅರಬ್ಬಿಗೆ ಇತ್ತು, ಹೀಬ್ರೂಗೆ ಇರಲಿಲ್ಲ. ಪ್ಯಾಲೆಸ್ಟೀನಿನ ಜನ ವರ್ಷಗಟ್ಟಲೆ ಹೇಳುತ್ತಿದ್ದ ದೂರು ಸುಳ್ಳಲ್ಲ ಅಂತ ಅದರಿಂದ ಗೊತ್ತಾಯಿತು.

ವಾಟ್ಸಾಪಿನಲ್ಲಿ ಅಷ್ಟೂ ಇಲ್ಲ. ಮೆಸೇಜು ಕಳಿಸಿದವರಿಗೆ, ಪಡೆದವರಿಗೆ ಬಿಟ್ಟರೆ ಕಂಪೆನಿಗೂ ಓದಲು ಆಗುವುದಿಲ್ಲ. ಅದು ಒಳ್ಳೆಯದೇ. ಆದರೆ ಅದರ ಅರ್ಥ, ಗುಂಪಿನಲ್ಲಿ ಏನು ಉಳಿಯಬೇಕು ಅಂತ ನೋಡುವವರು ನಮ್ಮಂಥ ಅಡ್ಮಿನ್‌ಗಳು ಮಾತ್ರ. ಸದಸ್ಯರು ಹಾಕಿದ್ದಕ್ಕೆ ಅಡ್ಮಿನ್ ಮೇಲೆ ಕೇಸು ಹಾಕಲು ಬರುವುದಿಲ್ಲ ಅಂತ ಕೇರಳ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿದೆ. ಮಾಸ್ಟ್ರು ಅದನ್ನೂ ನೆನಪಿಸಿದರು. "ನಮಗೆಂತ ತಲೆಬಿಸಿ?" ಅಂದರು. ಕೋರ್ಟು ಹೇಳಿದ್ದು ಜೈಲಿನ ವಿಷಯ. ನಾವು ಬರೆದುಕೊಂಡ ನಿಯಮದ ವಿಷಯ ಕೋರ್ಟಿನದಲ್ಲ, ನಮ್ಮದು.

ಈಗ ಆ ಚಿತ್ರದ ಮಾತಿಗೇ ಬರುತ್ತೇನೆ. ಹಿಟ್ಲರ್ ಹಾಗೆ ಹೇಳಿದ್ದಕ್ಕೆ ಯಾವ ದಾಖಲೆಯೂ ಇಲ್ಲ. ಯಾರೋ ಕಟ್ಟಿದ ಮಾತು ಅದು. ಅವನು ಸ್ವಲ್ಪ ಜನರನ್ನು "ಬಿಟ್ಟ" ಅನ್ನುವುದಂತೂ ಶುದ್ಧ ಸುಳ್ಳು. ಸೋಲು ಖಚಿತ ಅಂತ ಗೊತ್ತಾದ ಮೇಲೂ, 1944ರಲ್ಲಿ, ಹಂಗೇರಿಯಿಂದ ನಾಲ್ಕು ಲಕ್ಷಕ್ಕೂ ಜಾಸ್ತಿ ಯಹೂದಿಗಳನ್ನು ಕೆಲವೇ ವಾರಗಳಲ್ಲಿ ರೈಲಿಗೆ ತುಂಬಿಸಿದರು. ಹೆಚ್ಚಿನವರು ಹೋದದ್ದು ಆಶ್ವಿಟ್ಜ್‌ಗೆ. ಕೈಗೆ ಸಿಕ್ಕ ಮಕ್ಕಳನ್ನೂ ಬಿಟ್ಟವರಲ್ಲ ಅವರು. ಉಳಿದವರು ಉಳಿದದ್ದು ಅಡಗಿದ್ದರಿಂದ, ಓಡಿದ್ದರಿಂದ, ಯಾರೋ ಪುಣ್ಯಾತ್ಮರು ಮನೆಯೊಳಗೆ ಸೇರಿಸಿಕೊಂಡದ್ದರಿಂದ, ಕೊನೆಗೆ ಸೈನ್ಯಗಳು ಬಂದು ಶಿಬಿರದ ಬಾಗಿಲು ತೆರೆದದ್ದರಿಂದ.

ಇನ್ನೊಂದು ಫಾರ್ವರ್ಡ್ ಬರುತ್ತದೆ. ಲೋಕದ ಬ್ಯಾಂಕುಗಳು, ಪತ್ರಿಕೆಗಳು, ಸರ್ಕಾರಗಳೆಲ್ಲ ಯಹೂದಿಗಳ ಮುಷ್ಟಿಯಲ್ಲಿವೆ, ಅವರು ಗುಟ್ಟಾಗಿ ಸಭೆ ಸೇರಿ ತೀರ್ಮಾನಿಸುತ್ತಾರೆ ಅಂತ. ಅದರ ಮೂಲ ಹುಡುಕಿದರೆ ರಷ್ಯಾಕ್ಕೆ ಹೋಗಿ ಮುಟ್ಟುತ್ತೇವೆ. 1903ರಲ್ಲಿ ಅಲ್ಲಿನ ಒಂದು ಪತ್ರಿಕೆಯಲ್ಲಿ ಯಹೂದಿ ಹಿರಿಯರ ಗುಪ್ತ ಸಭೆಯ ನಡಾವಳಿ ಅಂತ ಒಂದು ದಾಖಲೆ ಅಚ್ಚಾಯಿತು. ಲಂಡನ್ನಿನ 'ಟೈಮ್ಸ್' ಪತ್ರಿಕೆ 1921ರಲ್ಲಿ ಅದನ್ನು ಬಯಲಿಗೆಳೆಯಿತು. 1864ರ ಒಂದು ಫ್ರೆಂಚ್ ವಿಡಂಬನೆಯಿಂದ ಸಾಲು ಸಾಲೇ ಕದ್ದು ಹೆಣೆದದ್ದು ಅದು. ಆ ವಿಡಂಬನೆ ಬರೆದದ್ದು ಫ್ರಾನ್ಸಿನ ದೊರೆಯನ್ನು ಟೀಕಿಸಲಿಕ್ಕೆ, ಅದರಲ್ಲಿ ಯಹೂದಿಗಳ ಸುದ್ದಿಯೇ ಇಲ್ಲ. ಕಳ್ಳತನ ಬಯಲಾಗಿ ನೂರು ವರ್ಷ ದಾಟಿದೆ. ಅಮೆರಿಕದಲ್ಲಿ ಕಾರು ಮಾಡುವ ಹೆನ್ರಿ ಫೋರ್ಡ್ ತನ್ನ ಪತ್ರಿಕೆಯಲ್ಲಿ ಅದನ್ನೇ ಹರಡಿದ. ನಾಜಿಗಳು ಹರಡಿದರು. ಪ್ಯಾಲೆಸ್ಟೀನಿನ ಹಮಾಸ್ ಸಂಘಟನೆ 1988ರಲ್ಲಿ ಹೊರಡಿಸಿದ ತನ್ನ ಘೋಷಣೆಯಲ್ಲೂ ಅದನ್ನು ಸಾಕ್ಷಿ ಅಂತ ಹೆಸರಿಸಿತು. ಈಗ ಅದೇ ಸರಕು ಬದಿಯಡ್ಕದ ಬಸ್‌ಸ್ಟ್ಯಾಂಡಿನಲ್ಲಿ ಕೂತವರ ಫೋನಿಗೂ ಬಂದಿದೆ, ಕನ್ನಡದಲ್ಲಿ.

ನಮ್ಮ ದೇಶದಲ್ಲಿ ಹಿಟ್ಲರ್ ಬಗ್ಗೆ ಒಂದು ಸಲಿಗೆ ಇದೆ. ಬ್ರಿಟಿಷರ ವೈರಿ ಆಗಿದ್ದ ಅನ್ನುವ ಹಳೆಯ ಋಣ ಇರಬಹುದು. ಶಿಸ್ತಿನ ಮನುಷ್ಯ ಅಂತ ಹೊಗಳುವವರನ್ನು ಸ್ಟಾಫ್ ರೂಮಿನಲ್ಲೂ ಕಂಡಿದ್ದೇನೆ. 2006ರಲ್ಲಿ ನವಿ ಮುಂಬಯಿಯಲ್ಲಿ ಒಂದು ಹೋಟೆಲಿಗೆ ಅವನ ಹೆಸರಿಟ್ಟಿದ್ದರು. ಮುಂಬಯಿಯ ಯಹೂದಿಗಳು ಪ್ರತಿಭಟಿಸಿದರು, ಹೆಸರು ಬದಲಾಯಿತು. 2012ರಲ್ಲಿ ಅಹಮದಾಬಾದಿನಲ್ಲಿ ಒಂದು ಬಟ್ಟೆ ಅಂಗಡಿಗೂ ಅದೇ ಹೆಸರು ಬಂತು, ಅಲ್ಲೂ ಆಕ್ಷೇಪ ಎದ್ದಿತು. ಆ ಎರಡೂ ಊರುಗಳಲ್ಲಿ ಯಹೂದಿಗಳ ಸಣ್ಣ ಸಮುದಾಯ ಇದೆ. ಹೇಳುವವರು ಇದ್ದರು, ಹಾಗಾಗಿ ಕೇಳಿಸಿಕೊಳ್ಳಬೇಕಾಯಿತು. ಯಹೂದಿಗಳೇ ಇಲ್ಲದ ಊರಿನಲ್ಲಿ ಅಂಥ ಅಂಗಡಿ ತೆರೆದಿದ್ದರೆ ಇವತ್ತಿಗೂ ಬೋರ್ಡು ಇರುತ್ತಿತ್ತೋ ಏನೋ.

ಯಹೂದಿಗಳು ನಮಗೆ ಅಷ್ಟೊಂದು ದೂರದವರೂ ಅಲ್ಲ. ಕೊಚ್ಚಿಗೆ ಹೋದ ನಮ್ಮವರು ಮಟ್ಟಂಚೇರಿಯ ಸಿನಗಾಗಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು 1568ರಲ್ಲಿ ಕಟ್ಟಿದ್ದು. ಅದಕ್ಕೂ ಐದಾರು ಶತಮಾನ ಮುಂಚೆಯೇ, ಸುಮಾರು ಕ್ರಿ.ಶ. 1000ದಲ್ಲಿ, ಚೇರ ದೊರೆ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಅನ್ನುವ ಯಹೂದಿ ಮುಖಂಡನಿಗೆ ಪಲ್ಲಕ್ಕಿ, ಕೊಡೆ, ಸುಂಕದ ವಿನಾಯಿತಿಯ ಹಕ್ಕುಗಳನ್ನು ತಾಮ್ರಪಟದಲ್ಲಿ ಬರೆದುಕೊಟ್ಟಿದ್ದ.

ನನಗೆ ಇನ್ನೂ ಹತ್ತಿರ ಅನಿಸುವುದು ಅಬ್ರಹಾಂ ಬೆನ್ ಯಿಜು. ಟ್ಯುನೀಷಿಯದ ಮಹದಿಯಾ ಊರಿನ ಯಹೂದಿ ವ್ಯಾಪಾರಿ. ಸುಮಾರು 1132ರಿಂದ 1149ರ ತನಕ ಅವನು ಹೆಚ್ಚಾಗಿ ಇದ್ದದ್ದು ನಮ್ಮ ಮಂಗಳೂರಿನಲ್ಲಿ. ಕಂಚಿನ ಪಾತ್ರೆ ಮಾಡುವ ಕಾರ್ಖಾನೆ ಇಟ್ಟಿದ್ದ. ಇಲ್ಲಿಂದ ಯೆಮನ್ನಿನ ಏಡನ್ ಬಂದರಿಗೆ ಮೆಣಸು, ಕಬ್ಬಿಣ, ಅಡಿಕೆ ಕಳಿಸುತ್ತಿದ್ದ. ಅಲ್ಲಿಂದ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿ ಬರುತ್ತಿತ್ತು. ಅಶು ಅನ್ನುವ ಇಲ್ಲಿನ ಹೆಂಗಸನ್ನು ದಾಸ್ಯದಿಂದ ಬಿಡಿಸಿದ ಪತ್ರವೊಂದು 1132ರದ್ದು ಸಿಕ್ಕಿದೆ. ಅವಳನ್ನೇ ಮದುವೆಯಾದ ಅಂತ ವಿದ್ವಾಂಸರು ಹೇಳುತ್ತಾರೆ. ಅವನ ವ್ಯವಹಾರಕ್ಕಾಗಿ ಏಡನ್ನಿಗೆ ಹೋಗಿ ಬರುತ್ತಿದ್ದ ಬೊಮ್ಮ ಅನ್ನುವವನ ಹೆಸರೂ ಆ ಕಾಗದಗಳಲ್ಲಿದೆ. ಇವೆಲ್ಲ ಉಳಿದದ್ದು ಕೈರೋದ ಒಂದು ಸಿನಗಾಗಿಯ ಕೋಣೆಯಲ್ಲಿ. ದೇವರ ಹೆಸರಿರುವ ಕಾಗದ ಬಿಸಾಡಬಾರದು ಅಂತ ಅಲ್ಲಿ ಹಳೆಯ ಬರಹಗಳನ್ನೆಲ್ಲ ಒಟ್ಟುತ್ತಿದ್ದರು. ತುಳುವ ಬೊಮ್ಮ, ಯಹೂದಿ ಧಣಿ, ಏಡನ್ನಿನ ಪಾಲುದಾರರು, ಮುಸ್ಲಿಂ ನಾವಿಕರು. ಒಬ್ಬರಿಗೊಬ್ಬರು ಸರಕು, ಲೆಕ್ಕ, ಉಡುಗೊರೆ ಕಳಿಸಿಕೊಂಡು ಇದ್ದವರು. ಮಂಗಳೂರು ನಮಗೆ ಒಂದು ಒಂದೂವರೆ ಗಂಟೆಯ ದಾರಿ. ಇವತ್ತೂ ನಮ್ಮ ಅಡಿಕೆ ಅಲ್ಲಿಗೇ ಹೋಗುತ್ತದೆ.

ಇದನ್ನೆಲ್ಲ ಗುಂಪಿನಲ್ಲಿ ಬರೆದಾಗ ಒಬ್ಬರು ಕೇಳಿದರು. "ಇದೆಲ್ಲ ಸರಿ ಟೀಚರ್, ಆದ್ರೆ ಒಂದು ಫಾರ್ವರ್ಡಿನಿಂದ ಎಂತ ಆಗ್ತದೆ?"

2020ರ ಮಾರ್ಚ್ ತಿಂಗಳ ಕೊನೆ ನೆನಪಿದೆಯಾ ಅಂತ ಅವರನ್ನು ಕೇಳಿದೆ. ಕಾಸರಗೋಡಿನವರಿಗೆ ಅದನ್ನು ನೆನಪಿಸಬೇಕಾಗಿಲ್ಲ. ಕೊರೊನಾ ಬಂತು ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತು. ಒಳದಾರಿಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದರು. ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ ಮೊದಲಿನಿಂದ ಮಂಗಳೂರನ್ನೇ ನಂಬಿಕೊಂಡಿದ್ದ ಜನ ಆಂಬುಲೆನ್ಸಿನಲ್ಲಿ ಗಡಿಗೆ ಹೋಗಿ ವಾಪಸಾದರು. ದಾರಿಯಲ್ಲೇ ಜೀವ ಬಿಟ್ಟವರಿದ್ದಾರೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ತಡೆ ತೆಗೆಯಬೇಕು ಅಂತ ಆದೇಶ ಮಾಡಬೇಕಾಯಿತು. ರೋಗ ಎಲ್ಲ ಕಡೆ ಇತ್ತು. ಆದರೆ ಕಾಸರಗೋಡಿನವರು ಅಂದರೆ ಸಾಕು, ರೋಗ ಹೊತ್ತು ತರುವವರು ಅಂತ ನೋಡುವ ಹಾಗಾಯಿತು. ನಮ್ಮ ಊರಿನ ಹೆಸರು ಹಾಕಿದ ಫಾರ್ವರ್ಡ್‌ಗಳು ಆಚೆ ಕಡೆಯ ಗುಂಪುಗಳಲ್ಲಿ ಓಡಾಡಿದವು. ನೆಂಟರೇ ನಮಗೆ ತೋರಿಸಿದ್ದರು. ಅದೇ ದಿನಗಳಲ್ಲಿ ದೆಹಲಿಯ ತಬ್ಲೀಗ್ ಸಭೆಯ ನೆಪದಲ್ಲಿ ದೇಶದ ಎಲ್ಲ ಮುಸ್ಲಿಮರ ಮೇಲೆ ಅದೇ ಆರೋಪ ಬಂತು.

1348ರಲ್ಲಿ ಯುರೋಪಿಗೆ ಪ್ಲೇಗ್ ಬಂದಾಗ ಯಹೂದಿಗಳು ಬಾವಿಗೆ ವಿಷ ಹಾಕಿದರು ಅಂತ ಸುದ್ದಿ ಹಬ್ಬಿತು. ಯಹೂದಿಗಳೂ ಅದೇ ರೋಗದಿಂದ ಸಾಯುತ್ತಿದ್ದಾರೆ, ಕಣ್ಣು ಬಿಟ್ಟು ನೋಡಿ ಅಂತ ಆಗಿನ ಪೋಪ್ ಆರನೆಯ ಕ್ಲೆಮೆಂಟ್ ಪತ್ರ ಹೊರಡಿಸಿದರು. ಯಾರು ಕೇಳುತ್ತಾರೆ? 1349ರ ಫೆಬ್ರವರಿ 14ರಂದು ಸ್ಟ್ರಾಸ್‌ಬರ್ಗ್ ಊರಿನಲ್ಲಿ ನೂರಾರು ಯಹೂದಿಗಳನ್ನು ಜೀವಂತ ಸುಟ್ಟರು. ಪ್ಲೇಗ್ ಆ ಊರಿಗೆ ಇನ್ನೂ ಬಂದೇ ಇರಲಿಲ್ಲ. ಸುದ್ದಿ ಮುಂಚೆಯೇ ಬಂದು ಮುಟ್ಟಿತ್ತು.

ಕೇಳಿದವರು ಮತ್ತೆ ಏನೂ ಬರೆಯಲಿಲ್ಲ.

ಇಷ್ಟರಲ್ಲಿ ಇನ್ನೊಂದು ಬದಿಯಿಂದ ಗಾಳಿ ಬೀಸಿತು. ಹಿಟ್ಲರ್ ಚಿತ್ರ ತೆಗೆಯಲೇಬೇಕು ಅಂತ ಒಬ್ಬರು ನನಗೆ ಖಾಸಗಿಯಾಗಿ ಮೆಸೇಜು ಹಾಕಿದರು. "ನೀವು ಸರಿಯಾಗಿ ಹೇಳ್ತಾ ಇದ್ದೀರಿ ಅಕ್ಕಾ, ಇಸ್ರೇಲಿನವರನ್ನು ನೋಡಿ ನಾವು ಕಲೀಬೇಕು" ಅಂತ ಶುರು ಮಾಡಿದರು. ಮುಂದೆ ಓದಿದರೆ ಅವರ ಮನಸ್ಸಿನಲ್ಲಿ ಯಹೂದಿಗಳು ಇರಲೇ ಇಲ್ಲ. ಇದ್ದದ್ದು ನಮ್ಮ ಪಕ್ಕದ ಮನೆಯವರು. ಗಾಜಾದಲ್ಲಿ ಸತ್ತ ಮಕ್ಕಳ ಬಗ್ಗೆ ಅವರು ಬಳಸಿದ ಮಾತನ್ನು ಇಲ್ಲಿ ಬರೆಯಲು ನನಗೆ ಕೈ ಬರುವುದಿಲ್ಲ. ಅದೇ ವಾರ ಅವರು ಗುಂಪಿನಲ್ಲೇ ಮುಸ್ಲಿಮರ ಜನಸಂಖ್ಯೆಯ ಬಗ್ಗೆ ಒಂದು ಸುಳ್ಳು ಲೆಕ್ಕ ಹಾಕಿದ್ದರು. ನಾನು ಎರಡನ್ನೂ ಒಟ್ಟಿಗೆ ಅಳಿಸಿದೆ. ಹಿಟ್ಲರ್ ಚಿತ್ರವನ್ನೂ, ಆ ಲೆಕ್ಕವನ್ನೂ. ಕಾರಣವನ್ನು ಎಲ್ಲರಿಗೂ ಕಾಣುವ ಹಾಗೆ ಗುಂಪಿನಲ್ಲೇ ಬರೆದೆ, ಇಬ್ಬರಿಗೂ ಒಂದೇ ವಾಕ್ಯ. ಅಕ್ಕ ಅಂತ ಕರೆದವರು ಅದೇ ರಾತ್ರಿ ಗುಂಪು ಬಿಟ್ಟರು. ಚಿತ್ರ ಹಾಕಿದವರು ಬಿಡಲಿಲ್ಲ, ಆದರೆ ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ.

ನನಗೆ ಈ ಎರಡನೆಯ ಬಗೆಯ ಇಬ್ಬಗೆ ನೀತಿ ಮೊದಲನೆಯದಕ್ಕಿಂತ ಜಾಸ್ತಿ ಅಪಾಯದ್ದು ಅನಿಸುತ್ತದೆ. ಯಹೂದಿಗಳ ನೋವನ್ನು ಇನ್ನೊಬ್ಬರಿಗೆ ಹೊಡೆಯುವ ಕೋಲು ಮಾಡಿಕೊಳ್ಳುವುದು ಅದು. ಕಾಸರಗೋಡಿನಲ್ಲಿ ಇಸ್ರೇಲ್ ಮತ್ತು ಪ್ಯಾಲೆಸ್ಟೀನ್ ಅನ್ನುವ ಹೆಸರುಗಳು ಬಂದಾಗ ನಾವು ಬಹಳ ಸಲ ಮಾತಾಡುವುದು ನಮ್ಮ ಬಗ್ಗೆಯೇ. ಸತ್ತವರು ಯಾರ ಕಡೆಯವರು ಅಂತ ನೋಡಿ ದುಃಖ ಪಡುವುದನ್ನು ಕಲಿತುಬಿಟ್ಟಿದ್ದೇವೆ. 2023ರ ಅಕ್ಟೋಬರ್ 7ರಂದು ಹಮಾಸ್ ಸುಮಾರು 1200 ಜನರನ್ನು ಕೊಂದು 251 ಜನರನ್ನು ಒತ್ತೆಯಾಗಿ ಎಳೆದುಕೊಂಡು ಹೋಯಿತು. ಮುದುಕರು, ಕೈಗೂಸುಗಳು ಕೂಡ ಇದ್ದರು. ಅದರ ನಂತರ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಮಕ್ಕಳ ಸಂಖ್ಯೆಯೇ ಸಾವಿರಗಟ್ಟಲೆ. ಎರಡೂ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳುವ ಪೋಸ್ಟು ನಮ್ಮ ಗುಂಪಿಗೆ ಯಾರಿಂದಲೂ ಬರಲಿಲ್ಲ.

ಇಲ್ಲಿ ಇನ್ನೊಂದು ಎಡವಟ್ಟು ಆಗುವುದರಲ್ಲಿತ್ತು. ಗಾಜಾದ ಒಂದು ಆಸ್ಪತ್ರೆಯ ಸುದ್ದಿಯನ್ನು ಒಬ್ಬ ಕಾಲೇಜು ಹುಡುಗ ಹಾಕಿದ. ಇಸ್ರೇಲ್ ಸರ್ಕಾರ ಮಾಡುತ್ತಿರುವುದು ಅನ್ಯಾಯ ಅಂತ ಖಾರವಾಗಿಯೇ ಬರೆದಿದ್ದ. ಮಾಸ್ಟ್ರು ಕೂಡಲೇ, "ಈಗ ಇದನ್ನೂ ತೆಗೀಬೇಕಲ್ಲ, ನಿಮ್ಮ ಲೆಕ್ಕದಲ್ಲಿ?" ಅಂದರು. ತೆಗೆಯಬಾರದು ಅಂದೆ. ಒಂದು ಸರ್ಕಾರವನ್ನು, ಸೈನ್ಯವನ್ನು, ಪ್ರಧಾನಿಯನ್ನು ಎಷ್ಟು ಕಟುವಾಗಿ ಬೇಕಾದರೂ ಟೀಕಿಸಬಹುದು. ಇಸ್ರೇಲಿನ ಒಳಗೇ ಸಾವಿರಾರು ಜನ ಬೀದಿಗಿಳಿದು ಟೀಕಿಸಿದ್ದಾರೆ. ಆ ಹುಡುಗ ಯಹೂದಿಗಳ ಬಗ್ಗೆ ಒಂದು ಮಾತೂ ಆಡಿರಲಿಲ್ಲ.

ಗೆರೆ ಎಲ್ಲಿ ಎಳೆಯಬೇಕು ಅನ್ನುವುದರ ಬಗ್ಗೆ ದೊಡ್ಡವರಲ್ಲೂ ಒಮ್ಮತ ಇಲ್ಲ. ಐಎಚ್‌ಆರ್‌ಎ ಅನ್ನುವ ಅಂತರರಾಷ್ಟ್ರೀಯ ಒಕ್ಕೂಟ 2016ರಲ್ಲಿ ಯಹೂದಿ ದ್ವೇಷ ಅಂದರೇನು ಅಂತ ಒಂದು ವಿವರಣೆ ಕೊಟ್ಟಿತು. ಬೇರೆ ಯಾವ ಪ್ರಜಾಪ್ರಭುತ್ವದಿಂದಲೂ ನಿರೀಕ್ಷಿಸದ್ದನ್ನು ಇಸ್ರೇಲಿನಿಂದ ಮಾತ್ರ ನಿರೀಕ್ಷಿಸುವುದನ್ನೂ ಅದು ಉದಾಹರಣೆಯಾಗಿ ಸೇರಿಸಿತು. ಇದು ಅತಿ ವಿಶಾಲವಾಯಿತು, ನ್ಯಾಯವಾದ ಟೀಕೆಯ ಬಾಯಿ ಮುಚ್ಚಿಸಲು ಬಳಕೆಯಾಗುತ್ತದೆ ಅಂತ ಅನೇಕ ವಿದ್ವಾಂಸರು, ಅವರಲ್ಲಿ ಯಹೂದಿಗಳೂ ಇದ್ದರು, 2021ರಲ್ಲಿ ಜೆರುಸಲೇಮ್ ಘೋಷಣೆ ಅಂತ ಬೇರೆಯದನ್ನು ಹೊರಡಿಸಿದರು. ಎರಡನ್ನೂ ಓದಿದೆ. ಹಲವು ಕಡೆ ಬೇರೆ ಬೇರೆ ದಾರಿ ಹಿಡಿಯುತ್ತವೆ. ಒಂದು ಕಡೆ ಎರಡೂ ಒಂದೇ ಮಾತು ಹೇಳುತ್ತವೆ. ಇಸ್ರೇಲ್ ದೇಶ ಮಾಡಿದ್ದಕ್ಕೆ ಲೋಕದ ಎಲ್ಲ ಯಹೂದಿಗಳನ್ನು ಹೊಣೆ ಮಾಡುವುದು ದ್ವೇಷ. ನಮ್ಮಂಥ ಸಣ್ಣ ಗುಂಪಿಗೆ ಇಷ್ಟು ಸಾಕು ಅಂತ ನನಗನಿಸಿತು. ಪಾಕಿಸ್ತಾನದ ಸರ್ಕಾರ ಮಾಡಿದ್ದಕ್ಕೆ ನಮ್ಮ ಊರಿನ ಬ್ಯಾರಿಯನ್ನು ಹೊಣೆ ಮಾಡುವುದು ತಪ್ಪು ಅಂತ ಒಪ್ಪಿಕೊಂಡವರಿಗೆ ಇದು ಅರ್ಥವಾಗದೆ ಇರಲು ಕಾರಣವೇ ಇಲ್ಲ.

ಗಾಂಧೀಜಿ 1938ರ ನವೆಂಬರಿನಲ್ಲಿ 'ಹರಿಜನ' ಪತ್ರಿಕೆಯಲ್ಲಿ ಈ ಬಗ್ಗೆ ಬರೆದಿದ್ದಾರೆ. ತನ್ನ ಸಹಾನುಭೂತಿ ಪೂರ್ತಿ ಯಹೂದಿಗಳ ಕಡೆಗಿದೆ, ಅವರು ಕ್ರೈಸ್ತ ಜಗತ್ತಿನ ಅಸ್ಪೃಶ್ಯರಾಗಿದ್ದಾರೆ ಅಂದರು. ದಕ್ಷಿಣ ಆಫ್ರಿಕದ ದಿನಗಳಿಂದ ಅವರಿಗೆ ಹತ್ತಿರದ ಯಹೂದಿ ಗೆಳೆಯರಿದ್ದರು. ಅದೇ ಲೇಖನದಲ್ಲಿ, ಇಂಗ್ಲೆಂಡ್ ಇಂಗ್ಲಿಷರದ್ದಾಗಿರುವ ಹಾಗೆ ಪ್ಯಾಲೆಸ್ಟೀನ್ ಅರಬರದ್ದು ಅಂತಲೂ ಬರೆದರು. ನಾಜಿಗಳನ್ನು ಸತ್ಯಾಗ್ರಹದಿಂದ ಎದುರಿಸಿ ಅಂತ ಜರ್ಮನಿಯ ಯಹೂದಿಗಳಿಗೆ ಅವರು ಕೊಟ್ಟ ಸಲಹೆಯನ್ನು ನಾನು ಒಪ್ಪುವುದಿಲ್ಲ. ತತ್ವಜ್ಞಾನಿ ಮಾರ್ಟಿನ್ ಬೂಬರ್ ಆಗಲೇ ಅದಕ್ಕೆ ನೊಂದು ಉತ್ತರ ಬರೆದಿದ್ದರು. ಆದರೆ ಒಬ್ಬರ ನೋವು ಒಪ್ಪಿಕೊಂಡರೆ ಇನ್ನೊಬ್ಬರ ಹಕ್ಕು ಬಿಟ್ಟುಕೊಡಬೇಕು ಅಂತ ಗಾಂಧೀಜಿಗೆ ಅನಿಸಿರಲಿಲ್ಲ. ಅದಕ್ಕಾಗಿ ಆ ಲೇಖನ ನನಗೆ ಬೇಕಾಗುತ್ತದೆ.

ಗಡಿನಾಡಿನ ಕನ್ನಡಿಗರಾದ ನಾವು ಈ ವಿಷಯದಲ್ಲಿ ಜಾಸ್ತಿ ಸೂಕ್ಷ್ಮವಾಗಿರಬೇಕಿತ್ತು ಅಂತ ನನ್ನ ಆಸೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳೆಲ್ಲ ಬರಹದಲ್ಲಿ ಇವೆ. ಆದರೂ ಕನ್ನಡ ಮಾಧ್ಯಮದ ಮಕ್ಕಳಿಗೆ ಕನ್ನಡ ಬಾರದ ಮಾಸ್ಟ್ರನ್ನು ಹಾಕಿದ್ದಕ್ಕೆ ನಮ್ಮ ಮಕ್ಕಳು, ತಂದೆತಾಯಂದಿರು ಶಾಲೆಯ ಗೇಟಿನ ಮುಂದೆ ಬಿಸಿಲಿನಲ್ಲಿ ಕೂತದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಗ ಕಚೇರಿಗಳಲ್ಲಿ ಕೇಳಿದ ಮಾತೂ ನೆನಪಿದೆ. ಎಷ್ಟು ಮಕ್ಕಳು ಮಹಾ, ಯಾರು ಕೇಳುತ್ತಾರೆ ಅಂತ. ಎಣಿಕೆಯಲ್ಲಿ ಕಡಿಮೆ ಇದ್ದವರ ಪಾಲಿಗೆ ನಿಯಮ ಹೇಗೆ ಸಡಿಲವಾಗುತ್ತದೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ಆ ಹೋರಾಟದಲ್ಲಿ ಮಾಸ್ಟ್ರು ಮುಂದಿನ ಸಾಲಿನಲ್ಲಿದ್ದರು.

ಇದನ್ನು ಅವರಿಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಬೇರೆ, ಇದು ಬೇರೆ ಟೀಚರೇ" ಅಂದರು. ಹೇಗೆ ಬೇರೆ ಅಂತ ಕೇಳಿದರೆ, ಅವರು ಬಲಿಷ್ಠರು, ಅವರಿಗೆ ದೇಶ ಉಂಟು, ಸೈನ್ಯ ಉಂಟು, ಅಮೆರಿಕ ಉಂಟು ಅಂದರು. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಇಸ್ರೇಲ್ ಬಲಿಷ್ಠ ದೇಶ. ಆದರೆ ಪಿಟ್ಸ್‌ಬರ್ಗಿನಲ್ಲಿ ಪ್ರಾರ್ಥನೆಗೆ ಕೂತ 97 ವರ್ಷದ ಅಜ್ಜಿಗೆ ಯಾವ ಸೈನ್ಯ ಇತ್ತು? 2008ರ ನವೆಂಬರಿನಲ್ಲಿ ಮುಂಬಯಿಯ ನರಿಮನ್ ಹೌಸಿನಲ್ಲಿ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಗವ್ರಿಯೆಲ್ ಹೋಲ್ಟ್ಸ್‌ಬರ್ಗ್ ಮತ್ತು ಅವರ ಹೆಂಡತಿ ರಿವ್ಕಾ ಅವರನ್ನು ಕೊಂದಾಗ ಅವರ ಎರಡು ವರ್ಷದ ಮಗು ಮೋಶೆಯನ್ನು ಎತ್ತಿಕೊಂಡು ಓಡಿದ್ದು ಸೈನ್ಯ ಅಲ್ಲ, ಮಗುವನ್ನು ನೋಡಿಕೊಳ್ಳುತ್ತಿದ್ದ ಸಾಂಡ್ರಾ ಸ್ಯಾಮ್ಯುಯೆಲ್ ಅನ್ನುವ ಹೆಂಗಸು. ಬಲ ಇರುವುದು ಸರ್ಕಾರಕ್ಕೆ. ಗುಂಡು ಬೀಳುವುದು ಮನುಷ್ಯರ ಮೇಲೆ. ಟೆಹ್ರಾನಿನಲ್ಲೋ ವಾಷಿಂಗ್ಟನ್ನಿನಲ್ಲೋ ಇರುವ ಸರ್ಕಾರದ ಬಲವನ್ನು ನೋಡಿ ಅಲ್ಲಿನ ಸಾಮಾನ್ಯ ಜನರನ್ನು ಸಾಯಿಸುವ ಮಾತಿಗೆ ನಾವು ಹೆಬ್ಬೆರಳು ಎತ್ತುತ್ತೇವಾ? ಇಲ್ಲವಲ್ಲ.

ಅಕ್ಷಯ ಕೇಂದ್ರದ ಹುಡುಗನೇ ಕೊನೆಗೆ ಒಂದು ದಾರಿ ತೋರಿಸಿದ. ನಿಯಮದ ಮೊದಲ ಸಾಲಿಗೆ ಅವನು ಎರಡು ಮಾತು ಸೇರಿಸಿದ. ಈಗ ಗುಂಪಿನ ವಿವರಣೆಯಲ್ಲಿ ಹೀಗಿದೆ: "ಜಾತಿ, ಮತ, ಭಾಷೆ, ದೇಶದ ಹೆಸರಿನಲ್ಲಿ ಯಾರನ್ನೂ ಹೀಯಾಳಿಸಬಾರದು. ಅವರು ಈ ಗುಂಪಿನಲ್ಲಿ ಇರಲಿ, ಇಲ್ಲದಿರಲಿ. ಸರ್ಕಾರಗಳನ್ನು ಟೀಕಿಸಬಹುದು." ಯಾವ ಮೆಸೇಜು ತೆಗೆದರೂ ಯಾಕೆ ಅಂತ ಗುಂಪಿನಲ್ಲೇ ಒಂದು ಸಾಲು ಬರೆಯಬೇಕು, ಯಾರಿಗೂ ಖಾಸಗಿಯಾಗಿ ರಿಯಾಯಿತಿ ಇಲ್ಲ ಅಂತಲೂ ಮಾಡಿಕೊಂಡಿದ್ದೇವೆ. ಅದರಿಂದ ಕೆಲಸ ಜಾಸ್ತಿಯಾಗಿದೆ. ರಾತ್ರಿ ಊಟ ಮಾಡಿ ಕೂತು ಕಾರಣ ಬರೆಯುವುದು ಯಾರಿಗೆ ಇಷ್ಟ? ಆದರೆ ಕಾರಣ ಬರೆಯಬೇಕಾದಾಗ ಗೊತ್ತಾಗುತ್ತದೆ, ಕೆಲವು ಸಲ ನಾವು ಅಳಿಸಲು ಹೊರಟದ್ದಕ್ಕೆ ಕಾರಣವೇ ಇರುವುದಿಲ್ಲ. ನಮಗೆ ಹಿಡಿಸಲಿಲ್ಲ ಅಷ್ಟೇ.

ಮಾಸ್ಟ್ರು ಈ ಹೊಸ ಸಾಲನ್ನು ಪೂರ್ತಿ ಒಪ್ಪಿಲ್ಲ. ಗುಂಪಿನಲ್ಲಿ ಇಲ್ಲದವರಿಗೂ ನಿಯಮ ಅಂದರೆ ಅದಕ್ಕೆ ಕೊನೆ ಎಲ್ಲಿ ಅಂತ ಅವರ ಪ್ರಶ್ನೆ. ಮುಂದಿನ ಸಭೆಯಲ್ಲಿ ಅದನ್ನೇ ಚರ್ಚೆಗೆ ಇಡುತ್ತೇನೆ ಅಂದಿದ್ದಾರೆ. ಇಡಲಿ. ಬೆನ್ ಯಿಜುವಿನ ಕಾಗದಗಳ ಬಗ್ಗೆ ಮಾತಾಡಲು ನನಗೂ ಅರ್ಧ ಗಂಟೆ ಬೇಕು ಅಂತ ಕೇಳಿದ್ದೇನೆ. ಕೊಡುತ್ತೇನೆ ಅಂದಿದ್ದಾರೆ.